ಅವಸರದಲ್ಲಿದ್ದವರು ಏಕೆ ನಿಲ್ಲಲಿಲ್ಲ?

ಕೇಳುಗರಿಗೆ ನಮಸ್ಕಾರ. ಮಡಿಕೇರಿಯಾಗಲಿ ಗೋಣಿಕೊಪ್ಪವಾಗಲಿ, ನಾನು ಮನಃಶಾಸ್ತ್ರದವನೆಂದು ತಿಳಿದೊಡನೆ ಜನ ಕೇಳುವ ಪ್ರಶ್ನೆ ಒಂದೇ: "ಅವನ ಬುದ್ಧಿ ಯಾಕೆ ಹಾಗೆ, ಸಾರ್?" ಬುದ್ಧಿಯ ವಿಚಾರ ಆಮೇಲೆ ನೋಡೋಣ, ಅವನು ಆಗ ಯಾವ ಸಂದರ್ಭದಲ್ಲಿದ್ದ ಎಂಬುದನ್ನು ಮೊದಲು ಹೇಳಿ ಎಂದು ನಾನು ಪ್ರತಿ ಸಲವೂ ಕೇಳುತ್ತೇನೆ. ಇಂದೂ ಅದನ್ನೇ ಹೇಳಲು ಬಂದಿದ್ದೇನೆ.

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬಿಬ್ಬರು ನಡೆಸಿ, 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕರೆದು, ಪಕ್ಕದ ಕಟ್ಟಡಕ್ಕೆ ಹೋಗಿ ಚಿಕ್ಕದೊಂದು ಭಾಷಣ ಮಾಡಬೇಕೆಂದು ಅವರು ಹೇಳಿದರು. ಕೆಲವರಿಗೆ ಕೊಟ್ಟ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಉಪಚರಿಸಿದ ಒಳ್ಳೆಯ ಸಮಾರ್ಯದವನ ಬೈಬಲ್ ಕಥೆ. ಹೊರಡುವಾಗ ಕೆಲವರಿಗೆ "ಇನ್ನೂ ಸಮಯವಿದೆ" ಎಂದೂ, ಕೆಲವರಿಗೆ "ಈಗ ಹೊರಟರೆ ಸರಿಹೋಗುತ್ತದೆ" ಎಂದೂ, ಉಳಿದವರಿಗೆ "ಆಗಲೇ ತಡವಾಗಿದೆ, ಬೇಗ ಹೋಗಿ" ಎಂದೂ ತಿಳಿಸಲಾಯಿತು. ದಾರಿಯ ಓಣಿಯಲ್ಲಿ, ಬಾಗಿಲೊಂದರ ಬಳಿ, ತಲೆ ತಗ್ಗಿಸಿ ಕಣ್ಣು ಮುಚ್ಚಿ ಕುಸಿದಿದ್ದ ಮನುಷ್ಯನೊಬ್ಬ, ಇವರು ಹತ್ತಿರ ಬಂದಾಗ ಕೆಮ್ಮಿ ನರಳುತ್ತಿದ್ದ. ಬಿಡುವಿದ್ದವರಲ್ಲಿ ನೂರಕ್ಕೆ 63 ಮಂದಿ ನೆರವಿಗೆ ನಿಂತರು, ಮಧ್ಯದವರಲ್ಲಿ 45, ತಡವಾಗಿದೆ ಎಂದು ಓಡುತ್ತಿದ್ದವರಲ್ಲಿ ಕೇವಲ 10. ಸಮಾರ್ಯದವನ ಬಗ್ಗೆಯೇ ಮಾತನಾಡಲು ಹೊರಟಿದ್ದ ಕೆಲವರು, ಕೇಳಿ, ಆ ಮನುಷ್ಯನನ್ನು ದಾಟಿಕೊಂಡೇ ಹೋದರು! ಅವರ ಭಕ್ತಿಯನ್ನು ಮೊದಲೇ ಪ್ರಶ್ನಾವಳಿಯಿಂದ ಅಳೆದಿದ್ದರೂ, ಯಾರು ನಿಲ್ಲುತ್ತಾರೆ, ಯಾರು ನಿಲ್ಲುವುದಿಲ್ಲ ಎಂಬುದು ಅದರಿಂದ ತಿಳಿಯಲಿಲ್ಲ. ತಿಳಿದದ್ದು ಅವಸರದಿಂದ. ಈ ಪ್ರಯೋಗವನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗುವುದಿಲ್ಲ, ಕೇಳುವವರಿಗೆ ಆಗಬಹುದು.

ಸಂದರ್ಭವನ್ನು ಮರೆತು ಗುಣವನ್ನೇ ದೂರುವ ಈ ಅಭ್ಯಾಸವನ್ನು 1977ರಲ್ಲಿ ಲೀ ರಾಸ್ ಎಂಬ ವಿದ್ವಾಂಸರು ಮೂಲಭೂತ ತಪ್ಪೆಂದೇ ಕರೆದರು. ಹಾಗಾದರೆ ಗುಣವೆಂಬುದೇ ಇಲ್ಲವೇ ಎನ್ನುವಿರಾದರೆ, ಇದೆ. ವ್ಯಕ್ತಿ ಮತ್ತು ಪರಿಸರ ಎರಡೂ ಸೇರಿ ನಡತೆಯಾಗುತ್ತದೆಂದು ಮನಃಶಾಸ್ತ್ರಜ್ಞ ಕರ್ಟ್ ಲೆವಿನ್ 1936ರಲ್ಲೇ ಬರೆದಿದ್ದಾರೆ. ನಾವು ಮರೆಯುವುದು ಮಾತ್ರ ಯಾವಾಗಲೂ ಎರಡನೆಯದನ್ನೇ.

ನಮ್ಮ ಕಾಫಿ ತೋಟಗಳನ್ನೇ ನೋಡಿ. ಕೊಯ್ಲಿನಲ್ಲಿ ಕೆಂಪು ಹಣ್ಣಿನೊಡನೆ ಹಸಿರು ಕಾಯಿಯೂ ಚೀಲ ಸೇರಿದರೆ, "ಇವರಿಗೆ ಎಷ್ಟು ಹೇಳಿದರೂ ಅಷ್ಟೇ" ಎಂದು ಮಾಲೀಕರು ಗೊಣಗುತ್ತಾರೆ, ಮೇಸ್ತ್ರಿ ಗದರುತ್ತಾನೆ. ಆದರೆ ಕೂಲಿಯನ್ನು ಕಿಲೋ ಲೆಕ್ಕದಲ್ಲಿ ನಿಗದಿ ಮಾಡಿದವರು ತಾವೇ ಅಲ್ಲವೇ? ತಕ್ಕಡಿಗೆ ಹಸಿರೂ ಒಂದೇ, ಕೆಂಪೂ ಒಂದೇ. ಹಣ್ಣನ್ನು ಒಂದೊಂದಾಗಿ ಆರಿಸಿದವಳ ಚೀಲ ಸಂಜೆ ಹಗುರವಾಗಿರುತ್ತದೆ. ರೆಂಬೆಯನ್ನು ಒಮ್ಮೆಗೇ ಸವರಿದವಳ ಕೈಗೆ ಹೆಚ್ಚು ಹಣ ಬರುತ್ತದೆ. ಹಣ್ಣಿಗೊಂದು ದರ, ಕಾಯಿಗೊಂದು ದರ ಎಂದು ಮಾಡಿ, ಆಮೇಲೆ ಅವರ ಬುದ್ಧಿಯ ಬಗ್ಗೆ ನನ್ನಲ್ಲಿ ಕೇಳಿ.

ಮಕ್ಕಳ ಓದು, ಗಂಡಸರ ಕುಡಿತ, ಇವುಗಳ ಬಗ್ಗೆಯೂ ವಿವರವಾಗಿ ಹೇಳಬೇಕೆಂದಿದ್ದೆ, ಸಮಯವಾಯಿತು. ಓದದ ಮಗನನ್ನು ಬೈಯುವ ಮುನ್ನ, ಅವನು ಕೂರುವ ಕೋಣೆಯಲ್ಲೇ ಟಿವಿ ಇದೆಯೇ ಎಂದು ದಯವಿಟ್ಟು ನೋಡಿ. ನಮಸ್ಕಾರ.