ಶನಿವಾರದ ಮಿಠಾಯಿ

ಕೇಳುಗರಿಗೆಲ್ಲ ನಮಸ್ಕಾರ.

ಯುಗಾದಿಗೆ ಹೋಳಿಗೆ, ಸಂಕ್ರಾಂತಿಗೆ ಎಳ್ಳುಬೆಲ್ಲ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವೀಡನ್ನಿನವರು ಈ ವಿಷಯದಲ್ಲಿ ನಮಗಿಂತ ಒಂದು ಕೈ ಮೇಲು. ಅವರು ಹಬ್ಬಕ್ಕಷ್ಟೇ ಅಲ್ಲ, ವಾರದ ದಿನಗಳಿಗೂ ತಿಂಡಿ ಗೊತ್ತುಮಾಡಿಟ್ಟಿದ್ದಾರೆ.

ಗುರುವಾರ ಬಂದರೆ ಹಳದಿ ಬಟಾಣಿ ಸೂಪ್. ಒಣ ಬಟಾಣಿಯನ್ನು ರಾತ್ರಿ ನೆನೆಹಾಕಿ, ಹಂದಿಮಾಂಸದ ಜೊತೆ ಮೆತ್ತಗಾಗುವ ತನಕ ಬೇಯಿಸುತ್ತಾರೆ. ನಂಚಿಕೊಳ್ಳೋಕೆ ಅರೆದ ಸಾಸಿವೆ. ಅದಾದ ಮೇಲೆ ಜಾಮ್ ಹಚ್ಚಿದ ತೆಳ್ಳನೆಯ ಪ್ಯಾನ್‌ಕೇಕ್. ಹಿಂದೆ ಕ್ಯಾಥೊಲಿಕ್ ಕಾಲದಲ್ಲಿ ಶುಕ್ರವಾರ ಉಪವಾಸ ಇರುತ್ತಿತ್ತಂತೆ. ಅದಕ್ಕೇ ಹಿಂದಿನ ದಿನ ಹೊಟ್ಟೆ ಗಟ್ಟಿ ಮಾಡಿಕೊಳ್ಳುತ್ತಿದ್ದರು ಅಂತ ಹೇಳುತ್ತಾರೆ. 16ನೇ ಶತಮಾನದಲ್ಲಿ ದೇಶ ಕ್ಯಾಥೊಲಿಕ್ ಬಿಟ್ಟು ಲುಥೆರನ್ ಅನ್ನುವ ಪ್ರಾಟೆಸ್ಟಂಟ್ ಪಂಥಕ್ಕೆ ಸೇರಿತು. ಉಪವಾಸ ಹೋಯಿತು, ಸೂಪ್ ಮಾತ್ರ ಉಳಿಯಿತು. ಸೈನ್ಯದ ಅಡುಗೆಮನೆಯಲ್ಲಿ, ಎಷ್ಟೋ ಕ್ಯಾಂಟೀನುಗಳಲ್ಲಿ ಇವತ್ತಿಗೂ ಗುರುವಾರ ಅದೇ.

ಈ ಸೂಪಿಗೆ ಒಂದು ಕೆಟ್ಟ ಹೆಸರೂ ಇದೆ. 14ನೇ ಎರಿಕ್ ಅನ್ನುವ ರಾಜ ತಮ್ಮನ ಸೆರೆಯಲ್ಲಿದ್ದವನು 1577ರಲ್ಲಿ ತೀರಿಕೊಂಡ. ಬಟಾಣಿ ಸೂಪಿನಲ್ಲಿ ವಿಷ ಹಾಕಿದರು ಅನ್ನೋದು ಜನರ ಮಾತು. 1958ರಲ್ಲಿ ಸಮಾಧಿ ತೆರೆದು ಪರೀಕ್ಷೆ ಮಾಡಿದಾಗ ಅವಶೇಷಗಳಲ್ಲಿ ಆರ್ಸೆನಿಕ್ ಅನ್ನುವ ವಿಷ ಸಿಕ್ಕಿದ್ದೂ ನಿಜ.

ಇನ್ನೊಬ್ಬ ರಾಜನ ಕಥೆ ತುಸು ಸಿಹಿ. ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವ ಮುನ್ನಾದಿನ, ಮಂಗಳವಾರ, ಅಲ್ಲಿ ಸೆಮ್ಲಾ ತಿನ್ನುತ್ತಾರೆ. ಏಲಕ್ಕಿ ಹಾಕಿದ ಬನ್. ಹೌದು, ನಾವು ಹೂರಣಕ್ಕೆ ಹಾಕುವ ಅದೇ ಏಲಕ್ಕಿ. ಬನ್ನಿನ ತಲೆ ಕತ್ತರಿಸಿ, ಒಳಗೆ ಬಾದಾಮಿ ಹೂರಣ ತುಂಬಿ, ಮೇಲೆ ಕಡೆದ ಕ್ರೀಮ್ ಏರಿಸಿ, ಮತ್ತೆ ತಲೆ ಮುಚ್ಚಿ ಸಕ್ಕರೆಪುಡಿ ಉದುರಿಸುತ್ತಾರೆ. ಅಡಾಲ್ಫ್ ಫ್ರೆಡ್ರಿಕ್ ರಾಜ 1771ರ ಫೆಬ್ರವರಿ 12ರಂದು ಭಾರಿ ಊಟ ಮಾಡಿ, ಬಿಸಿ ಹಾಲಿನಲ್ಲಿ ಮುಳುಗಿಸಿದ ಇಂಥದ್ದೇ ಬನ್ ತಿಂದು, ಅವತ್ತೇ ಸತ್ತ. ಲಾಬ್‌ಸ್ಟರ್ ಅನ್ನುವ ದೊಡ್ಡ ಸೀಗಡಿ, ಮೀನು, ಶಾಂಪೇನ್ ಎಲ್ಲ ಆಗಿತ್ತು. ಹೆಸರು ಕೆಟ್ಟದ್ದು ಮಾತ್ರ ಬನ್ನಿನದು! ಆದರೂ ಜನ ತಿನ್ನೋದು ಬಿಟ್ಟಿಲ್ಲ. ಈಗಂತೂ ಕ್ರಿಸ್‌ಮಸ್ ಮುಗಿಯುತ್ತಿದ್ದಂತೆ ಬೇಕರಿಗಳಲ್ಲಿ ಸೆಮ್ಲಾ ಬಂದುಬಿಡುತ್ತದೆ.

ಮಾರ್ಚ್ 25 ದೋಸೆಯಂಥ ವಾಫಲ್ ತಿನ್ನುವ ದಿನ. ಅದು ಮೇರಿಮಾತೆಯ ಹಬ್ಬ, 'ವೋರ್‌ಫ್ರುದಾಗೆನ್'. ಬೇಗ ಬೇಗ ಹೇಳುವಾಗ ಅದು 'ವೋಫೆಲ್‌ದಾಗೆನ್' ಆಯಿತು, ಅಂದರೆ ವಾಫಲ್ ದಿನ. ನಾಲಿಗೆ ತಪ್ಪಿದ್ದು ನಾಲಿಗೆಗೇ ಲಾಭ ಆಯಿತು.

ಮಕ್ಕಳು ಕಾಯೋದು ಮಾತ್ರ ಶನಿವಾರಕ್ಕೆ. 'ಲೋರ್ದಾಗ್ಸ್‌ಗೋದಿಸ್' ಅಂದರೆ ಶನಿವಾರದ ಮಿಠಾಯಿ. ಅಂಗಡಿಯ ಒಂದು ಗೋಡೆ ತುಂಬ ಪ್ಲಾಸ್ಟಿಕ್ ಡಬ್ಬಗಳು. ಕೈಯಲ್ಲಿ ಪುಟ್ಟ ಸೌಟು, ಒಂದು ಕಾಗದದ ಪೊಟ್ಟಣ. ಬೇಕಾದ್ದು ತುಂಬಿಕೊಂಡು ತೂಕ ಹಾಕಿಸಬೇಕು. ಅದರಲ್ಲಿ ಕಪ್ಪು ಬಣ್ಣದ ಉಪ್ಪು ಮಿಠಾಯಿಯೂ ಇರುತ್ತದೆ. ಜೇಷ್ಠಮಧುವಿಗೆ ನವಸಾಗರ ಬೆರೆಸಿದ್ದು. ನಮ್ಮಲ್ಲಿ ಪಾತ್ರೆಗೆ ಕಲಾಯಿ ಹಾಕೋಕೆ ಬಳಸುತ್ತಾರಲ್ಲ, ಅದೇ ನವಸಾಗರ. ಅಲ್ಲಿನ ಮಕ್ಕಳು ಅದನ್ನು ಚಪ್ಪರಿಸಿ ತಿನ್ನುತ್ತಾರೆ.

ವಾರಕ್ಕೆ ಒಂದೇ ದಿನ ಯಾಕೆ? ಇದು ಅಜ್ಜಿ ಮಾಡಿದ ನಿಯಮ ಅಲ್ಲ. 1930ರ ದಶಕದಲ್ಲಿ ಸ್ವೀಡನ್ನಿನ ಪುಟ್ಟ ಮಕ್ಕಳ ಬಾಯಲ್ಲೂ ಹುಳುಕು ಹಲ್ಲು. ಕಾರಣ ಸಕ್ಕರೆಯೇ ಅಂತ ಆಗ ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಹಾಗಾಗಿ 1945ರಲ್ಲಿ ಲುಂಡ್ ಊರಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ಪ್ರಯೋಗ ಶುರುವಾಯಿತು. ಅಲ್ಲಿದ್ದವರು ಬುದ್ಧಿ ಬೆಳೆಯದ ನೂರಾರು ಜನ. ಇವರಿಗೆ ಏನೂ ಕಲಿಸೋಕಾಗಲ್ಲ ಅಂತ ಹಣೆಪಟ್ಟಿ ಹಚ್ಚಿ ತಂದು ಬಿಟ್ಟಿದ್ದವರು. ಅವರಲ್ಲಿ ಕೆಲವರಿಗೆ ಹಲ್ಲಿಗೆ ಅಂಟಿಕೊಳ್ಳಲೆಂದೇ ತಯಾರಿಸಿದ ಟಾಫಿ ಕೊಟ್ಟರು. ಒಂದು ಗುಂಪಿಗೆ ದಿನಕ್ಕೆ 24. ನಿಮಗೆ ಒಪ್ಪಿಗೆಯಾ ಅಂತ ಅವರನ್ನು ಕೇಳಿದವರಿಲ್ಲ. ಖರ್ಚಿನಲ್ಲಿ ಒಂದು ಪಾಲು ಸಕ್ಕರೆ, ಚಾಕೊಲೇಟ್ ಉದ್ಯಮದವರದು.

ಎಷ್ಟೋ ಜನರ ಹಲ್ಲು ಪೂರ್ತಿ ಹಾಳಾಯಿತು. ಉತ್ತರವೂ ಸಿಕ್ಕಿತು. ಸಕ್ಕರೆಯ ಪ್ರಮಾಣಕ್ಕಿಂತ, ಊಟದ ನಡುನಡುವೆ ಅಂಟುವ ಸಿಹಿಯನ್ನು ಮತ್ತೆ ಮತ್ತೆ ತಿನ್ನೋದೇ ಜಾಸ್ತಿ ಕೆಡುಕು. ಹಾಗಾದರೆ ಎಲ್ಲ ಒಂದೇ ದಿನ ತಿನ್ನಲಿ, ಉಳಿದ ದಿನ ಬೇಡ ಅಂತ 1950ರ ದಶಕದಲ್ಲಿ ಅಪ್ಪ ಅಮ್ಮಂದಿರಿಗೆ ಸಲಹೆ ಹೋಯಿತು. ಶನಿವಾರದ ಪೊಟ್ಟಣ ರೂಢಿಯಾದದ್ದು ಹೀಗೆ.

ವಿಪೆಹೋಲ್ಮ್ ಆಸ್ಪತ್ರೆ ಈಗ ಇಲ್ಲ. ಅದರ ಕಟ್ಟಡಗಳಲ್ಲಿ ಈಗ ಒಂದು ಶಾಲೆ ನಡೆಯುತ್ತಿದೆ.

ನಮಸ್ಕಾರ.