ಮೇ ತಿಂಗಳಲ್ಲಿ ಹಾಸನದ ಆಲೂಗಡ್ಡೆ! ಚೀಸ್ ತುಂಬಿದ ಬೇಕ್ಡ್ ಪೊಟೇಟೊ ಮಾಡಿದ ಭಾನುವಾರ

ನಮಸ್ಕಾರ ಎಲ್ಲರಿಗೂ. ಗಂಟಲು ಸ್ವಲ್ಪ ಕಟ್ಟಿದೆ, ಅಡ್ಜಸ್ಟ್ ಮಾಡಿಕೊಳ್ಳಿ. ಬೆಂಗಳೂರಲ್ಲಿ ಮಳೆ ಬರೋ ಹಾಗಿದೆ, ಊರಿಂದ ಅಮ್ಮ ಬಂದಿದ್ದಾರೆ, ಇವತ್ತು ಚೀಸ್ ತುಂಬಿದ ಬೇಕ್ಡ್ ಪೊಟೇಟೊ. "ಅಂದ್ರೆ ಸುಟ್ಟ ಆಲೂಗಡ್ಡೆ ತಾನೆ?" ಅಂತ ಅಮ್ಮ ಕೇಳಿದ್ದು ವಿಡಿಯೋದಲ್ಲೂ ಬಂದಿದೆ. ಹೂಂ, ಅದೇ. ಊರಲ್ಲಿ ಒಲೆ ಬೂದಿಯೊಳಗೆ ತಳ್ಳಿ ಮರೆತುಬಿಡುತ್ತಿದ್ದೆವಲ್ಲ, ಅದೇ.

ತೊಳೆದು ಒರೆಸಿದ್ದು ನೋಡಿದಿರಿ. ಸಿಪ್ಪೆ ಇರಬೇಕು. ಈ ಫೋರ್ಕ್‌ನಿಂದ ಚುಚ್ಚುವುದನ್ನು ಮಾತ್ರ ಬಿಡಬೇಡಿ, ಒಳಗಿನ ಹಬೆಗೆ ದಾರಿ ಬೇಕು. ಹೋದ ವರ್ಷ ಒಂದನ್ನು ಚುಚ್ಚದೆ ಇಟ್ಟಿದ್ದೆ. ಈ ಒಟಿಜಿ, ಅಂದ್ರೆ ಪುಟ್ಟ ಕರೆಂಟ್ ಓವನ್, ಇದರ ಮೂಲೆಯಲ್ಲಿ ಕಪ್ಪಗೆ ಕಾಣುತ್ತಿದೆಯಲ್ಲ, ಅದು ಆ ಆಲೂಗಡ್ಡೆ. ಎಣ್ಣೆ ಸವರಿದೆ, ಉಪ್ಪು ಉದುರಿಸಿದೆ. ಫಾಯಿಲ್ ಸುತ್ತಬೇಡಿ. ಸುತ್ತಿದರೆ ಸಿಪ್ಪೆ ಹಬೆಯಲ್ಲಿ ಬೆಂದು ಒದ್ದೆ ಬಟ್ಟೆ ಥರ ಆಗುತ್ತೆ. 200 ಡಿಗ್ರಿ, ಒಂದು ಗಂಟೆ.

ಒಂದು ಗಂಟೆ ಬರೀ ಒಟಿಜಿ ತೋರಿಸಿದರೆ ನೀವು ಓಡಿಹೋಗುತ್ತೀರಿ. ಅದಕ್ಕೇ ಈ ಆಲೂಗಡ್ಡೆ ತಂದ ಕಥೆ ಹೇಳುತ್ತೇನೆ. ಹೊಟ್ಟೆ ಉರಿದಿರೋದೇ ಅಲ್ಲಿ.

ನಮ್ಮ ಬೀದಿಗೆ ಒಂದು ತಳ್ಳುಗಾಡಿ ಬರುತ್ತೆ. ಗಾಡಿಯಲ್ಲಿ ಎರಡು ರಾಶಿ. ಒಂದು ಕಿಲೋ 35 ರೂಪಾಯಿ, ಇನ್ನೊಂದು 50. ಯಾಕಪ್ಪ ಇದಕ್ಕೆ ಜಾಸ್ತಿ ಅಂದೆ. "ಹಾಸನದ್ದು ಅಕ್ಕ. ನೆನ್ನೆ ಕಿತ್ತಿದ್ದು."

ನನ್ನ ಊರು ಹಾಸನ ಜಿಲ್ಲೆ. ಪಾಪ, ಅವನಿಗೆ ಗೊತ್ತಿರಲಿಲ್ಲ.

ಇದು ಮೇ ತಿಂಗಳು. ನಮ್ಮ ಕಡೆ ಈಗ ಆಲೂಗಡ್ಡೆ ನೆಲದಿಂದ ಮೇಲೆ ಬರೋ ಕಾಲ ಅಲ್ಲ, ನೆಲಕ್ಕೆ ಹೋಗೋ ಕಾಲ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಹಾಸನದ ಎಪಿಎಂಸಿಗೆ ಬರುತ್ತೆ. ಮೊದಲ ಮಳೆ ಬಿದ್ದ ಮೇಲೆ ಬಿತ್ತನೆ. ಕೀಳೋದು ಮೂರು ತಿಂಗಳ ನಂತರ, ಆಗಸ್ಟ್ ಹೊತ್ತಿಗೆ. ಚಿಕ್ಕವಳಿದ್ದಾಗ "ಜ್ಯೋತಿ ಬಂತಂತಾ?" ಅಂತ ಅಕ್ಕಪಕ್ಕದವರು ವಿಚಾರಿಸುತ್ತಿದ್ದರೆ ಯಾರೋ ನೆಂಟರ ಹುಡುಗಿ ಅಂದುಕೊಂಡಿದ್ದೆ. ಅದು ಕುಫ್ರಿ ಜ್ಯೋತಿ, ಆಲೂಗಡ್ಡೆ ತಳಿ. ಶಿಮ್ಲಾದ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು 1968ರಲ್ಲಿ ಬಿಡುಗಡೆ ಮಾಡಿದ್ದು. ಕುಫ್ರಿ ಅನ್ನೋದು ಶಿಮ್ಲಾ ಹತ್ತಿರದ ಒಂದು ಊರು. ನಮ್ಮಜ್ಜಿ ಹಜಾರದಲ್ಲಿ ಕೂತು ಆ ಗಡ್ಡೆಗಳನ್ನು ಕುಯ್ಯುತ್ತಿದ್ದರು. ಒಂದೊಂದು ಹೋಳಿಗೂ ಕಣ್ಣು ಇರಬೇಕು, ಇಲ್ಲದಿದ್ದರೆ ಮೊಳಕೆ ಎಲ್ಲಿಂದ ಬರುತ್ತೆ? ನಾನು ಕುರುಡು ಹೋಳು ಕುಯ್ದು ಬೈಸಿಕೊಂಡಿದ್ದೇನೆ.

ಇಷ್ಟೆಲ್ಲಾ ಗೊತ್ತಿದ್ದೂ 50 ರೂಪಾಯಿ ಕೊಟ್ಟೆ! ಹಾಸನ ಅಂದ ಕೂಡಲೇ ಕೈ ತಾನಾಗೇ ಪರ್ಸಿಗೆ ಹೋಯಿತು. ಮನೆಗೆ ಬಂದು ಅಮ್ಮನಿಗೆ ತೋರಿಸಿದೆ. ಒಂದನ್ನು ಎತ್ತಿಕೊಂಡರು, ಉಗುರಲ್ಲಿ ಸಿಪ್ಪೆ ಕೆರೆದರು. ಹೊಸ ಗಡ್ಡೆ ಆದರೆ ಸಿಪ್ಪೆ ಈರುಳ್ಳಿ ಪೊರೆ ಥರ ಎದ್ದು ಬರುತ್ತೆ. ಇದು ಅಲ್ಲಾಡಲಿಲ್ಲ. "ನೆನ್ನೆ ಕಿತ್ತಿದ್ದಂತಾ?" ಅಂದರು, ಅಷ್ಟೇ. ನಮ್ಮ ಮನೆಯಲ್ಲೇ ಈಗ ಆಲೂಗಡ್ಡೆ ಹಾಕಲ್ಲ ಬಿಡಿ. ನಾಲ್ಕು ದಿನ ಮೋಡ ಮುಚ್ಚಿ ಸೋನೆ ಹಿಡಿದರೆ ಅಂಗಮಾರಿ ರೋಗ ಬಂದು ಹೊಲಕ್ಕೆ ಹೊಲವೇ ಕರ್ರಗಾಗುತ್ತೆ. ಅಪ್ಪ ಎರಡು ಸಲ ನೋಡಿದರು, ಮೂರನೇ ವರ್ಷ ಮುಸುಕಿನ ಜೋಳ ಹಾಕಿ...

ಅಯ್ಯೋ, ಆಯ್ತು, ಟಿಂಗ್ ಅಂತು. ಬನ್ನಿ.

ಇಲ್ಲಿ ಹತ್ತಿರ ನೋಡಿ. ಸಿಪ್ಪೆ ಸುಕ್ಕುಗಟ್ಟಿದೆ, ಸುಕ್ಕಿನ ಸಂದಿಯಲ್ಲಿ ಉಪ್ಪಿನ ಹರಳು. ಚಾಕು ಇಟ್ಟರೆ ಮೊದಲು ಕರುಂ, ಆಮೇಲೆ ಸುಮ್ನೆ ಇಳಿಯುತ್ತೆ. ಒಂದು ಚಮಚ ಬಾಯಿಗೆ ಹಾಕಿಕೊಂಡಾಗ ನನ್ನ ಮುಖ ನೋಡಿ. ಸಿಹಿ! ಅಮ್ಮನೂ ರುಚಿ ನೋಡಿ "ಗೆಣಸು ತಂದಿದ್ದೀಯೇನೇ?" ಅಂದರು.

ಕೋಲ್ಡ್ ಸ್ಟೋರೇಜ್ ಮಾಲು. ತಣ್ಣಗಿರೋ ಜಾಗದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಗಡ್ಡೆಯೊಳಗಿನ ಪಿಷ್ಟ ಸಕ್ಕರೆ ಆಗುತ್ತೆ. ನೀವು ಫ್ರಿಜ್ಜಿನಲ್ಲಿ ಆಲೂಗಡ್ಡೆ ಇಟ್ಟರೂ ಇದೇ ಕಥೆ, ಇಡಬೇಡಿ. ತಂದು ಒಂದೆರಡು ವಾರ ಹೊರಗಡೆ ಬುಟ್ಟಿಯಲ್ಲಿ ಇಟ್ಟಿದ್ದರೆ ಸಿಹಿ ಸ್ವಲ್ಪ ಇಳಿಯುತ್ತಿತ್ತು. ನನಗೆಲ್ಲಿ ತಾಳ್ಮೆ.

ತಿರುಳು ತೋಡುತ್ತಿದ್ದೇನೆ. ಗೋಡೆ ಸ್ವಲ್ಪ ದಪ್ಪ ಇರಲಿ, ನನ್ನದೊಂದು ಹರಿದೇ ಹೋಯಿತು. ಫೋರ್ಕ್‌ನಲ್ಲೇ ಮಸೆಯಿರಿ. ಮಿಕ್ಸಿಗೆ ಹಾಕಿದರೆ ಗೋಂದು. ಬೆಣ್ಣೆ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಮೆಣಸಿನ ಪುಡಿ, ಈರುಳ್ಳಿ ಸೊಪ್ಪು. ಹಸಿಮೆಣಸಿನಕಾಯಿ ಎರಡು ಅಂದುಕೊಂಡಿದ್ದೆ, ಸಿಹಿ ನೋಡಿ ನಾಲ್ಕು ಮಾಡಿದೆ. ಚೀಸ್ ವಿಷಯದಲ್ಲಿ ಮೊಝರೆಲ್ಲಾ ಒಂದೇ ಸಾಕು ಅಂತ ಹೋದ ವಿಡಿಯೋದಲ್ಲಿ ಜೋರಾಗಿ ಹೇಳಿದ್ದೆ, ವಾಪಸ್ ತಗೊಳ್ತೀನಿ. ಅದು ಎಳೆ ಎಳೆಯಾಗಿ ಬರುತ್ತೆ ಅಷ್ಟೇ, ರುಚಿ ಸಪ್ಪೆ. ಒಳಗೆ ಸಾಮಾನ್ಯ ಚೀಸ್ ಕ್ಯೂಬ್ ತುರಿದು ಹಾಕಿ, ಉಪ್ಪುಪ್ಪಾಗಿ ಚೆನ್ನಾಗಿರುತ್ತೆ. ಮೇಲೆ ಮಾತ್ರ ಮೊಝರೆಲ್ಲಾ.

ಇನ್ನೊಂದು ಕಾಲು ಗಂಟೆ ಒಳಗೆ. ಕಟ್.

ಬಂತು ನೋಡಿ. ಚೀಸ್ ಅಲ್ಲಲ್ಲಿ ಕಂದು ಚುಕ್ಕಿ ಬಿಟ್ಟುಕೊಂಡಿದೆ, ಅಂಚಲ್ಲಿ ಇಳಿದು ಟ್ರೇಗೆ ಹಪ್ಪಳದ ಹಾಗೆ ಅಂಟಿದೆ. ಆ ಹಪ್ಪಳ ನನ್ನದು. ನಿಜ ಹೇಳಲಾ? ಸೂಪರ್. ಆ ಸಿಹಿಗೆ ಖಾರ, ಉಪ್ಪು ಸೇರಿ ಒಳ್ಳೇ ರುಚಿ ಬಂದಿದೆ. ಈಗ ತಾನೇ ಬೈದೆ, ಗೊತ್ತು. ಅಮ್ಮ ಚೀಸನ್ನು ಪಕ್ಕಕ್ಕೆ ಸರಿಸಿ ಸಿಪ್ಪೆ ಮೊದಲು ತಿಂದರು. "ಬೂದಿ ವಾಸನೆ ಒಂದಿದ್ದಿದ್ರೆ" ಅಂದರು. ಒಟಿಜಿಯಲ್ಲಿ ಬೂದಿ ಎಲ್ಲಿಂದ ತರಲಿ?

ಹಿಂದೆ ಕೂಗು ಕೇಳಿಸುತ್ತಿದೆಯಾ? ಅದೇ ಗಾಡಿ, ಸಂಜೆ ಸುತ್ತು. ನಾನು ಏಳೋಷ್ಟರಲ್ಲಿ ಅಮ್ಮ ಚಪ್ಪಲಿ ಮೆಟ್ಟಿ ಇಳಿದುಬಿಟ್ಟರು. ಬಾಲ್ಕನಿಯಿಂದ ಶೂಟ್ ಮಾಡಿದ್ದು, ಆಡಿಯೋ ಸರಿಯಿಲ್ಲ, ನಾನೇ ಹೇಳುತ್ತೇನೆ. "ಹಾಸನದಲ್ಲಿ ಯಾವೂರಪ್ಪ?" ಅಂತ ಅಮ್ಮ ಕೇಳಿದರು. ಅವನು ತಲೆ ಕೆರೆದುಕೊಂಡು "ಮಾರ್ಕೆಟ್ನಲ್ಲಿ ಹಂಗೇ ಹೇಳಿ ಕೊಟ್ರಮ್ಮ" ಅಂದ. ಆಮೇಲೆ ಹತ್ತು ನಿಮಿಷ ಇಬ್ಬರೂ ಮಾತಾಡಿದರು, ಬ್ಯಾಟರಿ ಹೋಯಿತು, ಅದು ರೆಕಾರ್ಡ್ ಆಗಿಲ್ಲ.

ಅಮ್ಮ ಎರಡು ಕಿಲೋ ಈರುಳ್ಳಿ ಹಿಡಿದು ಮೇಲೆ ಬಂದರು. ಚಿತ್ರದುರ್ಗದ್ದಂತೆ.