ಶಬ್ದವೇಧಿ ಬಾಣವೂ ಹಡಗಿನ ಕ್ಷಿಪಣಿಯೂ

ಅಧ್ಯಕ್ಷರೇ, ಮಾಟುಂಗಾದವರೇ, ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತುಕೊಂಡೇ ಬಂದವರೇ, ನಮಸ್ಕಾರ. ಇವತ್ತು ಡಿಸೆಂಬರ್ 4, ನೌಕಾದಿನ. 1971ರ ಯುದ್ಧದಲ್ಲಿ ನಮ್ಮ ನೌಕಾಪಡೆ ಪಾಕಿಸ್ತಾನದ ಕರಾಚಿ ಬಂದರಿನ ಮೇಲೆ ದಾಳಿ ಮಾಡಿದ ಕಥೆ ಹೇಳಿ ಅಂತ ಕರೆದಿದ್ದೀರಿ. ಹೇಳುತ್ತೇನೆ. ಅದಕ್ಕೂ ಮೊದಲು ನನ್ನ ಮೊಮ್ಮಗನ ದೇಶದ ಸುದ್ದಿ ಸ್ವಲ್ಪ ಕೇಳಿ.

ಹನ್ನೆರಡು ವರ್ಷದ ಹುಡುಗ, ನೋಟ್‌ಬುಕ್ಕಿನಲ್ಲಿ ವರುಣದ್ವೀಪ ಅಂತ ಒಂದು ದೇಶ ಕಟ್ಟಿದ್ದಾನೆ. ಧ್ವಜ ಇದೆ, ನೌಕಾಪಡೆ ಇದೆ, ಖಜಾನೆ ಮಾತ್ರ ಇಲ್ಲ. ಆ ದೇಶದ ಹಡಗುನಾಶಕ ಕ್ಷಿಪಣಿ 2,000 ಕಿಲೋಮೀಟರ್ ಹೋಗುತ್ತದಂತೆ. "ಅಜ್ಜಾ, ನಿಮ್ಮ ಬ್ರಹ್ಮೋಸ್ ಶುರುವಿನಲ್ಲಿ ಬರೇ 290!" ಅಂದ. "ಸರಿಯಪ್ಪಾ, ಅಷ್ಟು ದೂರದ ಹಡಗು ನಿನ್ನವರಿಗೆ ಕಾಣೋದು ಹೇಗೆ?" ಅಂದೆ. ಪೆನ್ಸಿಲ್ ಕಚ್ಚುತ್ತಾ ಕೂತ.

ನನ್ನ ತಕರಾರು ಇದೇ. ಎಲ್ಲರೂ ಕ್ಷಿಪಣಿಯ ಕಾಲು ಅಳೆಯುತ್ತಾರೆ, ಕಣ್ಣು ಕೇಳುವವರಿಲ್ಲ. ಗಂಟೆಗೆ ಸಾವಿರ ಕಿಲೋಮೀಟರ್ ಹಾರುವ ಕ್ಷಿಪಣಿಗೆ ಎರಡು ಸಾವಿರಕ್ಕೆ ಎರಡು ಗಂಟೆ ಬೇಕು. ಅಷ್ಟರಲ್ಲಿ 30 ನಾಟ್, ಅಂದರೆ ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದ ಹಡಗು 110 ಕಿಲೋಮೀಟರ್ ಸರಿದಿರುತ್ತದೆ. ಚರ್ಚ್‌ಗೇಟಿನಲ್ಲಿ ಗುರಿಯಿಟ್ಟದ್ದು ಡಹಾಣು ಹತ್ತಿರ!

ಈಗ ಕರಾಚಿ. ಆದರೆ ನನಗಿಷ್ಟವಾದ ಭಾಗ ಕೋಲ್ಕತ್ತಾದಲ್ಲಿದೆ. ಸೋವಿಯತ್ ಒಕ್ಕೂಟದಿಂದ ಕ್ಷಿಪಣಿ ದೋಣಿಗಳು ಬಂದವು, ಒಂದೊಂದೂ ಸುಮಾರು 180 ಟನ್. ಅದನ್ನು ಎತ್ತಿ ಇಳಿಸುವ ಕ್ರೇನ್ ನಮ್ಮ ಮುಂಬಯಿಯಲ್ಲಿರಲಿಲ್ಲ. ಹಾಗಾಗಿ ಕೋಲ್ಕತ್ತಾದಲ್ಲಿ ಇಳಿಸಿ, ಹಗ್ಗ ಕಟ್ಟಿ, ಇಡೀ ಪರ್ಯಾಯ ದ್ವೀಪ ಸುತ್ತಿಸಿ ಇಲ್ಲಿಗೆ ಎಳೆದು ತಂದರು. ಹೊಸ ಸೊಸೆಯನ್ನು ಊರೆಲ್ಲ ಸುತ್ತಿಸಿ ಮನೆತುಂಬಿಸಿಕೊಂಡ ಹಾಗೆ. ದಂಡೆ ಕಾಯಲೆಂದು ಕಟ್ಟಿದ ದೋಣಿಗಳವು, ದೂರದ ಪಯಣಕ್ಕೆ ಇಂಧನ ಸಾಲದು. ಆದರೂ 1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಈ ಮೂರೂ ಕರಾಚಿಯ ಹೊರಗಿದ್ದವು. ಜೊತೆಗೆ ಕಿಲ್ತಾನ್, ಕಚ್ಚಾಲ್ ಎಂಬ ನಮ್ಮ ಯುದ್ಧನೌಕೆಗಳು. ಪಾಕಿಸ್ತಾನದ ಖೈಬರ್ ಮುಳುಗಿತು, ಮುಹಾಫಿಝ್ ಮುಳುಗಿತು. ರಷ್ಯಾದಲ್ಲಿ ತರಬೇತಿ ಪಡೆದ ನಮ್ಮವರು ರೇಡಿಯೋದಲ್ಲಿ ರಷ್ಯನ್ ಮಾತಾಡಿದರು, ಕದ್ದು ಕೇಳುವವರಿಗೆ ಗೊತ್ತಾಗಬಾರದು ಅಂತ. ಅಷ್ಟು ಕಷ್ಟ ಯಾಕೆ, ತುಳು ಸಾಕಿತ್ತು ಅಂತ ನಾನು ಪ್ರತಿ ವರ್ಷ ಹೇಳುತ್ತೇನೆ, ನೀವೂ ಪ್ರತಿ ವರ್ಷ ನಗುತ್ತೀರಿ.

ಅದಕ್ಕೂ ನಾಲ್ಕು ವರ್ಷ ಹಿಂದೆ, 1967ರ ಅಕ್ಟೋಬರ್ 21ರಂದು, ಇದೇ ಜಾತಿಯ ಕ್ಷಿಪಣಿಗಳಿಂದ ಈಜಿಪ್ಟಿನ ಪುಟ್ಟ ದೋಣಿಗಳು ಇಸ್ರೇಲಿನ ಐಲಾತ್ ಹಡಗನ್ನು ಮುಳುಗಿಸಿದ್ದವು. ದೊಡ್ಡ ನೌಕಾಪಡೆಗಳೆಲ್ಲ ಎದ್ದು ಕೂತದ್ದು ಅವತ್ತು.

ಮತ್ತೆ ಕಣ್ಣಿಗೆ ಬರುತ್ತೇನೆ. 1982ರ ಮೇ ತಿಂಗಳಲ್ಲಿ ಫಾಕ್‌ಲೆಂಡ್ಸ್‌ನಲ್ಲಿ ಬ್ರಿಟನ್ನಿನ ಶೆಫೀಲ್ಡ್ ಹಡಗಿಗೆ ಅರ್ಜೆಂಟೀನಾ ಬಿಟ್ಟ ಎಕ್ಸೊಸೆಟ್ ಕ್ಷಿಪಣಿ ಬಡಿಯಿತಲ್ಲ, ಹೆಸರೆಲ್ಲ ಎಕ್ಸೊಸೆಟ್‌ಗೆ. ಬ್ರಿಟಿಷ್ ಹಡಗುಗಳನ್ನು ರೇಡಾರಿನಲ್ಲಿ ಹಿಂಬಾಲಿಸಿ ಜಾಗ ತಿಳಿಸಿದ್ದು ಅರ್ಜೆಂಟೀನಾದ ಹಳೇ ನೆಪ್ಚೂನ್ ವಿಮಾನ. ಅದನ್ನು ಯಾರು ನೆನೆಯುತ್ತಾರೆ? ಅದೇ ತಿಂಗಳು 25ಕ್ಕೆ ಬಿಟ್ಟ ಎಕ್ಸೊಸೆಟ್‌ಗಳ ದಾರಿ ತಪ್ಪಿಸಲು ಯುದ್ಧನೌಕೆಗಳು ಲೋಹದ ಚೂರು ತೂರಿದವು. ಕ್ಷಿಪಣಿಗಳು ಹೋಗಿ ಅಟ್ಲಾಂಟಿಕ್ ಕನ್ವೇಯರ್ ಎಂಬ ಸರಕು ಹಡಗಿಗೆ ಬಡಿದವು. ದಶರಥ ಸದ್ದು ಕೇಳಿ ಬಾಣ ಬಿಟ್ಟ. ಆನೆ ಅಂದುಕೊಂಡಿದ್ದ, ಅಲ್ಲಿದ್ದವನು ಶ್ರವಣಕುಮಾರ.

ಹೊಡೆಸಿಕೊಳ್ಳುವವನದೂ ಕಣ್ಣಿನ ಕಷ್ಟವೇ. ಭೂಮಿ ಗುಂಡಗಿದೆ. ನೀರಿನಿಂದ ಐದು ಮೀಟರ್ ಮೇಲೆ ಬರುವ ಕ್ಷಿಪಣಿ, ಇಪ್ಪತ್ತು ಮೀಟರ್ ಎತ್ತರದ ರೇಡಾರಿಗೆ ಸುಮಾರು 28 ಕಿಲೋಮೀಟರ್ ಹತ್ತಿರ ಬರುವ ತನಕ ಕಾಣದು. ಆಮೇಲೆ ಉಳಿಯುವುದು ಒಂದೂವರೆ ನಿಮಿಷ.

ಚೀಟಿ ಬಂತು. ನನಗೂ ಒಂದೂವರೆ ನಿಮಿಷವೇ ಅಂತೆ. ಬ್ರಹ್ಮೋಸ್: 1998ರಲ್ಲಿ ರಷ್ಯಾ ಜೊತೆ ಒಪ್ಪಂದ, 2001ರ ಜೂನ್ 12ಕ್ಕೆ ಚಾಂದಿಪುರದಲ್ಲಿ ಮೊದಲ ಹಾರಾಟ, ಹೆಸರು ಬ್ರಹ್ಮಪುತ್ರ ಮತ್ತು ಮಾಸ್ಕ್ವಾ ನದಿಗಳದು. ಶಬ್ದದ ಹತ್ತಿರಹತ್ತಿರ ಮೂರು ಪಟ್ಟು ವೇಗ, ಆ ಒಂದೂವರೆ ನಿಮಿಷ ಸುಮಾರು ಅರ್ಧ ನಿಮಿಷಕ್ಕಿಳಿಯುತ್ತದೆ. ಎಂಜಿನ್ ವಿಷಯ ಬಿಟ್ಟೆ, ಚಹಾದ ಹತ್ತಿರ ಕೇಳಿ. ಮೊಮ್ಮಗ ಮೂರನೇ ಸಾಲಿನಲ್ಲಿದ್ದಾನೆ, ಕೈ ಎತ್ತಿ ಆಗಲೇ ಐದು ನಿಮಿಷವಾಯಿತು. ಅಧ್ಯಕ್ಷರೇ, ಮೈಕ್ ಅವನಿಗೆ ಕೊಡಿ.